ಸಂಬಂಧದ ಕಾಲಂ

ಲಾರಿಯಿಂದ ಇಳಿಸಿದಾಗ ಕುದುರೆಯ
ಎರಡೂ ಕಣ್ಣಿಗೆ ಪೊರೆ,
ಕತ್ತಿನ ಮೇಲೆ ಕಸಾಯಿಖಾನೆಯ ಸೀಮೆಸುಣ್ಣದ ನಂಬರು.
ಹೆಬ್ಬಾತು ಬಂದದ್ದು ಬೇರೆ ದಾರಿ:
ನವೆಂಬರಿನ ಹಬ್ಬದೂಟಕ್ಕೆ ಕೊಬ್ಬಿಸಿದ್ದು,
ರೆಕ್ಕೆ ಸೊಟ್ಟ, ಬಾಯಿ ಬಲು ಜೋರು.

ಮೊದಲು ಯಾವುದು ಯಾವುದನ್ನು ಮಾತಾಡಿಸಿತೋ
ಬೊಗುಮಿಲಾಗೂ ಗೊತ್ತಿಲ್ಲ.
ಸುವಾಲ್ಕಿಯಲ್ಲಿ ಹಿಮ ಬಿದ್ದ ಮುಂಜಾನೆ
ಬೇಲಿಯುದ್ದಕ್ಕೂ ಚಪ್ಪಟೆ ಪಾದ,
ಅದರ ಬೆನ್ನಿಗೇ ಗೊರಸು.
ಹೊಂಡದ ಹತ್ತಿರ ಎರಡೂ
ಬಳಸಿ ನಡೆದಿವೆ.

ಇವತ್ತು ವಾರ್ಸಾದ ಆಸ್ಪತ್ರೆಗೆ ವ್ಯಾನು.
ಕುದುರೆ ಒಂಟಿಯಾಗಿ ಹತ್ತಲೊಲ್ಲದು.
ಡ್ರೈವರ್ ಫಾರಂ ಚಾಚಿದ:
ಜೊತೆಗೆ ಯಾರು? ಸಂಬಂಧ?
ಅವಳು ಪೆನ್ನನ್ನು ಬಾಯಾವಿಗೆ ಹಿಡಿದು
ಒಂದಷ್ಟು ಹೊತ್ತು ನಿಂತಳು.
"ಶಾಯಿ ಹೆಪ್ಪುಗಟ್ಟಿದೆ," ಎಂದಳು.

ವ್ಯಾನಿನೊಳಗಿಂದ ಒಂದೇ ಸಮ ಬೈಗುಳ.
ಮುಂಗಾಲೊಂದು
ಹಲಗೆಯನ್ನು ತಡವಿತು.