ಮೈಕ್ ಒಯ್ಯುವವನು

ಮನಾಮಾದ ಹೋಟೆಲು, ಏಳನೇ ಮಾಳಿಗೆ.
ನನ್ನ ಕೆಲಸ ಇಷ್ಟೇ: ಯಾರು ಕೈ ಎತ್ತುತ್ತಾರೋ
ಅವರ ಬಾಯಿಗೆ ಮೈಕು ಮುಟ್ಟಿಸುವುದು.
ಬೂಟು ಸದ್ದಾಗಬಾರದು. ಕೆಮ್ಮಬಾರದು.

ಇವತ್ತು ಪರದೆಯ ಮೇಲೆ ಮುಂದಿನ ಇಪ್ಪತ್ತು ವರ್ಷ.
ಯಾವ ದೇಶದ್ದೋ, ಮೂರು ಬಾವುಟ ಇದ್ದವು,
ಒಂದು ನಮ್ಮದು.
"ಬಡವರ ದನಿಯನ್ನು ಯೋಜನೆಯೊಳಗೆ ತರಬೇಕು"
ಎಂದರು ಕನ್ನಡಕದ ಮೇಡಂ.
ಒಳ್ಳೆಯ ಹೆಂಗಸು. ನೀರು ಕೊಟ್ಟಾಗ ಹೆಸರು ಕೇಳಿದ್ದರು.
ಮೌಲಾಲಿ, ಅಂದಿದ್ದೆ.

"ತರೋದು ಹೇಗೆ?" ಮೂರನೇ ಸಾಲಿನಲ್ಲಿ ಒಂದು ಕೈ.
ಓಡಿದೆ. ಆಮೇಲೆ ಹನ್ನೊಂದನೇ ಸಾಲು. ಮತ್ತೆ ಓಡಿದೆ.
ಅವರು ಹುಡುಕುತ್ತಿದ್ದದ್ದು ನನ್ನ ಕೈಯೊಳಗೇ ಇತ್ತು,
ಬೆಚ್ಚಗೆ,
ಕೋಳಿ ಆಗಷ್ಟೇ ಎದ್ದುಹೋದ ಮೊಟ್ಟೆಯ ಹಾಗೆ.

ನಮ್ಮಪ್ಪ ಲಿಂಗಸೂರಿನಲ್ಲಿ ಹತ್ತಿ ಹಿಂಜುತ್ತಿದ್ದ.
ಗಾದಿ ಹೊಲಿಯುವ ಮೊದಲು ಮಲಗುವವರನ್ನೇ ಕೇಳುತ್ತಿದ್ದ:
ಯಾವ ಮಗ್ಗುಲು? ಸೊಂಟ ನೋಯ್ತದೇನು?
ಜೊತೆಗೆ ಕೂಸು ಐತೇನು?
ಕೇಳದೆ ತುಂಬಿದ ಗಾದಿ
ಮೂರು ತಿಂಗಳಿಗೆ ಗಂಟು ಕಟ್ಟುತ್ತದೆ, ಎನ್ನುತ್ತಿದ್ದ.

ಸಲ್ಮಾಬಾದಿನ ಖೋಲಿಯಲ್ಲಿ ನಾವು ಎಂಟು ಮಂದಿ.
ನೇಪಾಳದ ದಿಲ್ ಬಹಾದೂರನಿಗೆ ರಾತ್ರಿ ಪಾಳಿ,
ಅವನು ಎದ್ದ ಕಾವಿನಲ್ಲಿ ನಾನು, ನನ್ನ ಕಾವಿನಲ್ಲಿ ಅವನು.
ಬಡತನದ ಗೆರೆ ಎಲ್ಲಿ ಎಳೆಯಬೇಕೆಂದು
ಪರದೆಯ ಮುಂದೆ ಜಗಳವಾದಾಗ
ದಿಲ್ ಹೇಳಿದ ಲೆಕ್ಕ ನೆನಪಾಯಿತು:
ಊರಿಗೆ ಫೋನು ಹಚ್ಚಿ
ನಿಜ ಹೇಳಲಾಗುವವನು ಗೆರೆಯ ಮೇಲೆ.
"ಆರಾಮಿದೀನಿ" ಅನ್ನುವವನು ಕೆಳಗೆ.

ಒಂದೂವರೆಗೆ ಎಲ್ಲರೂ ಊಟಕ್ಕೆ ಎದ್ದರು.
ಗಾಜಿನ ಕೋಣೆಯಿಂದ ಸೌಂಡಿನ ಫ್ಲಾವಿಯಾನೊ
ಕೈಸನ್ನೆ ಮಾಡಿದ: ಚೆಕ್.

ಒಂದು, ಎರಡು, ಮೂರು, ಅಂದೆ.
ಗೋಡೆಗಳೂ ಅಂದವು.
ಅಷ್ಟಕ್ಕೆ ನಿಲ್ಲಿಸಬೇಕಿತ್ತು.

ಎಂಟು ಮಂದಿಗೆ ಒಂದೇ ನಲ್ಲಿ, ಅಂದೆ.
ಏಜೆಂಟನಿಗೆ ಕೊಟ್ಟ ಲಕ್ಷದ ಹತ್ತು ಸಾವಿರ
ನಿಮ್ಮ ಯಾವ ಕಾಗದದಲ್ಲಿದೆ, ಅಂದೆ.
ನನ್ನಕ್ಕ ಬೀಬಿಜಾನಳಿಗೆ ಹೊಲಿಗೆ ಮಷೀನು ಕೊಟ್ಟಿರಿ,
ಫೋಟೋ ತೆಗೆದಿರಿ, ಹಾರ ಹಾಕಿದಿರಿ.
ಆಕೆಗೆ ಸೂಜಿಯ ಕಣ್ಣು ಕಾಣುವುದಿಲ್ಲ.
ಆಕೆ ಕೇಳಿದ್ದು ಕನ್ನಡಕ.

ಇನ್ನೂರು ಕುರ್ಚಿ ಸುಮ್ಮನೆ ಕೇಳಿದವು.
ಒಳಗೆ ಹತ್ತಿಯಿಲ್ಲ, ಬರೀ ಸ್ಪಂಜು.

ಫ್ಲಾವಿಯಾನೊ ಹೆಬ್ಬೆರಳು ಎತ್ತಿದ:
ದನಿ ಚೆನ್ನಾಗಿ ಬರ್ತಿದೆ.
ಅವನಿಗೆ ಕನ್ನಡ ಬಾರದು.

ನಾನು ಮೈಕಿನ ಬ್ಯಾಟರಿ ಕಳಚಿ
ಚಾರ್ಜಿಗೆ ಇಟ್ಟೆ.