ನಾಲ್ಕು ಬೆರಳು

ಬೈತಕೋಲದ ಹಳೆ ಕಸ್ಟಮ್ಸ್ ಗೋದಾಮಿನ ಮ್ಯೂಸಿಯಮ್ಮಿನಲ್ಲಿ
ಅಮೆರಿಕದ ಉದ್ದ ಕೋವಿಗಳು ಐದು.
ನಾಲ್ಕು, ಗೋವೆಯ ಯಾರೋ ಸಂಗ್ರಾಹಕನವು, ಕಡ ತಂದದ್ದು.
ಐದನೆಯದು ನಮ್ಮ ಊರಿನದೇ,
ಕಾಜುಬಾಗದ ಒಂದು ಮನೆಯ ಅಟ್ಟದಿಂದ ಇಳಿದದ್ದು.
ಚೀಟಿ ಬರೆಯುವುದು ನನ್ನ ಕೆಲಸ.
ನಳಿಗೆ: ನಲವತ್ತನಾಲ್ಕು ಇಂಚು.
ಮರ: ಮೇಪಲ್, ಹುಲಿಪಟ್ಟೆಯ ಗೆರೆ.
ತಂದವರು: ಎಂದು ಬರೆದು ಪೆನ್ನು ನಿಂತಿತು.
ಹತ್ತಿ ಹೇರಲು ಬಂದ ಹಡಗಿನ ನಾವಿಕನೊಬ್ಬ
ಸಾಲಕ್ಕೆ ಒತ್ತೆಯಿಟ್ಟು ಹೋದ ಎಂಬ ಮಾತಿದೆ.
ಮಾತಿಗೆ ರಸೀದಿ ಇಲ್ಲ.

ಮಂಗಳವಾರ ಮಧ್ಯಾಹ್ನ ತೋಡೂರಿನ ಗಿಡ್ಡು ಗೌಡ ಬಂದ.
ಚಪ್ಪಲಿ ಹೊರಗೆ ಬಿಟ್ಟು
ಗಾಜಿನೆದುರು ಬಹಳ ಹೊತ್ತು ನಿಂತ.
"ತಂಗೀ, ಇವೂ ಇಲೆಕ್ಷನ್ನಿಗೆ ಇಟ್ಕಂಡದ್ದಾ?
ಯಾವಾಗ ತಿರ್ಗಿ ಕೊಡ್ತ್ರು?"

ಅವನ ಕೇಪಿನ ಕೋವಿ ಠಾಣೆಗೆ ಹೋಗಿ ತಿಂಗಳಾಯಿತು,
ಕೊರಳಿಗೆ ದಾರ, ದಾರಕ್ಕೆ ನಂಬರು.
ಹಂದಿಗಳಿಗೆ ನೀತಿಸಂಹಿತೆ ಇಲ್ಲ;
ಶೇಂಗಾ ಗದ್ದೆಯನ್ನು ಸಾಲು ಬಿಡದೆ
ಓದಿ ಮುಗಿಸಿವೆ.

ನಾನು ನಕ್ಕೆ. ಅವನು ನಗಲಿಲ್ಲ.
ಹಿಡಿಯ ಮೇಲಿನ ಹಿತ್ತಾಳೆ ಮುಚ್ಚಳಕ್ಕೆ ಬೆರಳು ತೋರಿಸಿ
"ಕೊಬ್ಬು ಬಳಿದ ಬಟ್ಟೆ ಇಡೂಕೆ" ಎಂದ.
ನಾನು ಅದನ್ನು "ಅಲಂಕಾರ" ಎಂದು ಬರೆದಿದ್ದೆ.
"ಗಜ ಬಿಟ್ಟು ನೋಡಿದ್ರಾ?"
ಯಾರೂ ನೋಡಿರಲಿಲ್ಲ.

ಕಾವಲಿನ ದಾಮೋದರ ಮಾಜಾಳೀಕರ
ಅತ್ತಿತ್ತ ನೋಡಿ ಬೀಗ ತೆಗೆದ.
ಕರುವಿಗೆ ಕಷಾಯ ಕುಡಿಸುವವನಂತೆ
ಗೌಡ ಐದನೆಯದರ ಬಾಯಿ ಮೇಲೆತ್ತಿ
ಗಜವನ್ನು ಒಳಕ್ಕೆ ಇಳಿಬಿಟ್ಟ.
ಟಕ್. ಮೆತ್ತಗೆ. ಕಬ್ಬಿಣದ ಸದ್ದಲ್ಲ.
ಉಗುರಿನಲ್ಲಿ ಗುರುತು ಹಿಡಿದು, ಹೊರಗೆಳೆದು,
ನಳಿಗೆಯ ಮೈಗುಂಟ ಇಟ್ಟು ಅಳೆದ.
ನಾಲ್ಕು ಬೆರಳು ಕಡಿಮೆ.
"ಇದು ತುಂಬ್ದದ್ದು" ಅಂದ.

ಅಷ್ಟು ವರ್ಷ ಅಟ್ಟದಲ್ಲಿ
ಒಡಕು ಭರಣಿ, ಹರಿದ ಬಲೆ, ಬಾಣಂತಿ ಮಂಚದ ಸಂಗಡ ಮಲಗಿತ್ತು.
ಮಕ್ಕಳು ಕುದುರೆ ಮಾಡಿ ಆಡಿರಬೇಕು.
ಯಾವುದೋ ಒಂದು ಸಂಜೆ ಯಾರೋ
ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡು ತಳ್ಳಿ,
ಗಜವನ್ನು ಅದರ ಜಾಗಕ್ಕೆ ಸೇರಿಸಿ
ಆಮೇಲೆ
ಹೊಡೆಯಲಿಲ್ಲ.
ಎದುರಿಗಿದ್ದದ್ದು ಹೊರಟುಹೋಯಿತೋ,
ಒಳಗಿಂದ ಊಟಕ್ಕೆ ಕರೆದರೋ.

ಠಾಣೆಗೆ ಫೋನ್ ಮಾಡಿದೆ.
ಮದ್ದು ತೆಗೆಯುವವರು ಬರುತ್ತಾರಂತೆ,
ಮತ ಎಣಿಕೆ ಮುಗಿದ ಮೇಲೆ.
"ಹಂಗಾರೆ ನಂದ್ರ ಸಂಗ್ತಿಗೇ ಆತು" ಎಂದು
ಗೌಡ ಚಪ್ಪಲಿ ಮೆಟ್ಟಿಕೊಂಡ.

ಚೀಟಿಯಲ್ಲಿ "ಅಲಂಕಾರ" ಹೊಡೆದುಹಾಕಿದೆ.
"ಸ್ಥಿತಿ: ಉತ್ತಮ" ಎಂದಿದ್ದದ್ದು ಹಾಗೇ ಇದೆ.
ಮಾಜಾಳೀಕರ ತನ್ನ ಕುರ್ಚಿಯನ್ನು
ನಳಿಗೆ ನೋಡದ ಗೋಡೆಗೆ ಎಳೆದುಕೊಂಡಿದ್ದಾನೆ.
ಬುತ್ತಿ ತಿನ್ನಲು ಹೊರಗೆ ಹೋಗುವಾಗ
ನಾನೂ ಈಗ
ಒಂದು ಸುತ್ತು ಬಳಸಿಯೇ ಹೋಗುತ್ತೇನೆ.