ಈರುಳ್ಳಿ

ಮಿಲ್ಲು ಮುಚ್ಚಿದರೂ ಪೆಣಕರ್ ಮೇಸ್ತ್ರಿ
ದಾವಣಗೆರೆ ಬಿಡಲಿಲ್ಲ. ಊರಿಗೆಲ್ಲ ಒಬ್ಬನೇ ಯಹೂದಿ.
ಸಂಜೆ ನಮ್ಮ ಭಟ್ಟಿಗೆ ಬಂದು ಕೂರುತ್ತಾನೆ,
ಕಾದ ಮರಳಲ್ಲಿ ಅಕ್ಕಿ
ಬೆಳ್ಳಗೆ ಸಿಡಿಯುವುದನ್ನು ನೋಡುತ್ತ.

ಕೇಳಿದೆ: ಕಡಲೇ ಸೀಳಿತಲ್ಲ, ಕಣ್ಣಾರೆ ಕಂಡರಲ್ಲ,
ನಂಬಿದರಾ ನಿಮ್ಮೋರು?

ನಂಬಿದರು ಮೈಮುನಾ. ಮೂರು ದಿನ.
ಆಮೇಲೆ ನೀರು ಕಹಿ ಅಂತ ಜಗಳ.
ಆಕಾಶದಿಂದ ಊಟ ಉದುರಿತು,
ಹೀಗೇ, ಇಷ್ಟೇ ಬಿಳೀದು;
ತಿಂದು ತಿಂದು
ಈರುಳ್ಳಿ ಇಲ್ಲವಲ್ಲ ಅಂತ ಅತ್ತರು.

ನಾನು ಕೊಟ್ಟ ಹಿಡಿ ಮಂಡಕ್ಕಿ
ಬಾಯಿಗೆ ಹಾಕಿಕೊಂಡ. ಅಗಿದ.
ಈರುಳ್ಳಿ ಐತೇನು, ಅಂದ.

ಶುಕ್ರವಾರ ಮಾತ್ರ ಬರುವುದಿಲ್ಲ.
ಎದುರು ವಠಾರದ ಮೂರನೇ ಕಿಟಕಿಯಲ್ಲಿ
ಎಷ್ಟು ವರ್ಷದಿಂದ ಹಚ್ಚಿಡುತ್ತಿದ್ದನೋ ಎಣ್ಣೆದೀಪ,
ಕರೆಂಟು ಹೋದ ವಾರವಷ್ಟೇ
ನಮಗೆ ಕಂಡಿತು.